ಲೈಸನ್ಸಿಗೆ ಬಂದ ಆಶೀರ್ವಾದಗಳು

ನಾನು ಡ್ರೈವಿಂಗ್ ಟೆಸ್ಟಿನಲ್ಲಿ ಮೂರು ಸಲ ಫೇಲಾದವಳು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ನಮ್ಮ ಊರಿನಲ್ಲಿ ಇದು ಗೊತ್ತಿಲ್ಲದವರು ಯಾರೂ ಇಲ್ಲ. ಸೀತಾಂಗೋಳಿಯ ಮೀನಿನ ಅಂಗಡಿಯವನು ನಾವು ಮೀನು ತಿನ್ನದ ಮನೆಯವರೆಂದು ಗೊತ್ತಿದ್ದೂ ನನ್ನನ್ನು ನಿಲ್ಲಿಸಿ, "ಟೀಚರೇ, ಎಚ್ ಆಯಿತಾ?" ಎಂದು ಕೇಳುತ್ತಿದ್ದ.

ಎಚ್ ಎಂದರೆ ಮೈದಾನದಲ್ಲಿ ಕಂಬಿ ನೆಟ್ಟು ಮಾಡಿದ ಎಚ್ ಅಕ್ಷರದ ದಾರಿ. ಅದರೊಳಗೆ ಕಾರನ್ನು ಮುಂದೆಯೂ ಹಿಂದೆಯೂ ಓಡಿಸಬೇಕು. ಕಂಬಿಗೆ ತಾಗಿದರೆ ಇಳಿದು ಮನೆಗೆ ಹೋಗಬೇಕು. ಇಪ್ಪತ್ತು ವರ್ಷ ಮಕ್ಕಳಿಗೆ ಅಕ್ಷರ ಕಲಿಸಿದವಳು ನಾನು. ಒಂದು ಅಕ್ಷರ ನನ್ನನ್ನು ಹೀಗೆ ಆಟ ಆಡಿಸುತ್ತದೆ ಎಂದು ಎಣಿಸಿರಲಿಲ್ಲ.

ನನಗಾಗ ನಲವತ್ತೆರಡು. ಮನೆ ಗಡಿನಾಡಿನ ಪುತ್ತಿಗೆಯಲ್ಲಿ. ಯಜಮಾನರು ದುಬೈಯಲ್ಲಿ, ಮಗಳು ಮಂಗಳೂರಿನ ಹಾಸ್ಟೆಲಿನಲ್ಲಿ, ಮನೆಯಲ್ಲಿ ಅತ್ತೆ ಮತ್ತು ನಾನು. ಯಜಮಾನರು ರಜೆಯಲ್ಲಿ ಬಂದಾಗ ಒಂದು ಹಳೆಯ ಕಾರು ತೆಗೆದು, ಅಂಗಳದಲ್ಲಿ ಟಾರ್ಪಾಲು ಹೊದೆಸಿ ಹೋಗಿದ್ದರು. ಅಷ್ಟರಲ್ಲಿ ನನಗೆ ಬಾಯಾರಿನ ಶಾಲೆಗೆ ವರ್ಗವಾಯಿತು. ಜೂನಿನಲ್ಲಿ ಸೇರಬೇಕು. ಬಸ್ಸಿನಲ್ಲಿ ಹೋಗುವುದಾದರೆ ಎರಡು ಕಡೆ ಇಳಿದು ಹತ್ತಿ, ಬೆಳಗ್ಗೆ ಆರಕ್ಕೆ ಹೊರಟರೆ ಸಂಜೆ ಏಳಕ್ಕೆ ಮನೆ. ಮಳೆಗಾಲದಲ್ಲಿ ಅದೂ ಖಾತ್ರಿಯಿಲ್ಲ. ಲರ್ನರ್ಸ್ ಲೈಸನ್ಸಿನ ಆರು ತಿಂಗಳ ಅವಧಿ ಜೂನಿಗೇ ಮುಗಿಯುತ್ತಿತ್ತು. ಅಷ್ಟರೊಳಗೆ ಪಾಸಾಗಬೇಕು, ಇಲ್ಲವಾದರೆ ಎಲ್ಲವನ್ನೂ ಮೊದಲಿನಿಂದ ಶುರು ಮಾಡಬೇಕು.

ನಮ್ಮಲ್ಲಿ ಪರೀಕ್ಷೆಗೆ ಹೊರಟವರನ್ನು ಯಾರೂ ಬರಿದೇ ಕಳಿಸುವುದಿಲ್ಲ. ಯಾವ ಜಾತಿಯಾಗಲಿ, ಯಾವ ಮತವಾಗಲಿ, ಹರಸುವ ವಿಷಯದಲ್ಲಿ ಈ ಊರಿನವರ ಕೈ ಬಹಳ ದೊಡ್ಡದು. ನಮ್ಮ ಮದುವೆಗಳಲ್ಲಿ ಅಕ್ಷತೆ ಹಾಕುವವರಿಗೆ ಗುರಿ ಎಂಬುದಿಲ್ಲ. ನನ್ನ ಮದುವೆಯಲ್ಲಿ ಪುರೋಹಿತರ ಕಿವಿಯಿಂದ ಅಕ್ಕಿ ತೆಗೆಯಬೇಕಾಯಿತು. ನನ್ನ ಜೊತೆ ಕೆಲಸ ಮಾಡುವ ಕ್ರೈಸ್ತ ಟೀಚರೊಬ್ಬರಿದ್ದಾರೆ, ಮನೆಯಲ್ಲಿ ಕೊಂಕಣಿ ಮಾತಾಡುವವರು. ಅವರ ತಮ್ಮನ ಮದುವೆಯ ಮುನ್ನಾ ದಿನ ರೋಸ್ ಎಂಬ ಶಾಸ್ತ್ರಕ್ಕೆ ಹೋಗಿದ್ದೆ. ಹಿರಿಯರೆಲ್ಲ ಸಾಲಾಗಿ ಬಂದು ಮದುಮಗನಿಗೆ ತೆಂಗಿನ ಹಾಲು ಹಚ್ಚಿ ಹರಸುವುದು ಕ್ರಮ. ನನ್ನ ಸರದಿ ಬಂದಾಗ ಆ ಹುಡುಗನ ಮೈಯಲ್ಲಿ ಒಣಗಿದ ಜಾಗವೇ ಇರಲಿಲ್ಲ. ಎಲ್ಲಿ ಹಚ್ಚಲಿ ಎಂದು ಕೇಳಿದರೆ ಅವನು ಕಣ್ಣು ಮುಚ್ಚಿಕೊಂಡೇ, "ಎಲ್ಲಿಯಾದರೂ ಹಚ್ಚಿ ಟೀಚರ್, ಬೇಗ ಮುಗಿಸಿ" ಎಂದ. ಆಶೀರ್ವಾದ ತೆಗೆದುಕೊಳ್ಳುವವರಿಗೂ ಸ್ವಲ್ಪ ತಾಕತ್ತು ಬೇಕು ಎಂದು ನನಗೆ ಆಗ ಹೊಳೆಯಿತು. ಅದು ನನಗಿಲ್ಲ ಎಂದು ಆಮೇಲೆ ಗೊತ್ತಾಯಿತು.

ಮೊದಲ ಟೆಸ್ಟಿಗೆ ಹೊರಡುವ ಬೆಳಗ್ಗೆ ಅತ್ತೆಯ ಕಾಲು ಮುಟ್ಟಿದೆ. ಅತ್ತೆ ತಲೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿ ತುಂಬ ಹೊತ್ತು ಪ್ರಾರ್ಥಿಸಿದರು. ನನಗೆ ಸೊಂಟ ಹಿಡಿಯಿತು, ಅಷ್ಟು ಹೊತ್ತು. ಮನಸ್ಸಿಗೆ ಮಾತ್ರ ಹಿತವಾಯಿತು. ದೇವಸ್ಥಾನದ ಗಂಧ ಹಚ್ಚಿಕೊಂಡು ಹೋಗಿ, ಮೈದಾನದಲ್ಲಿ ಕಾರಿಗೆ ಹತ್ತಿ ಕುಳಿತು, ಸ್ಟೇರಿಂಗಿಗೆ ಕೈಮುಗಿದು, ನಾನೂ ಕಣ್ಣು ಮುಚ್ಚಿದೆ. ಅತ್ತೆಯನ್ನು ನೋಡಿ ಕಲಿತದ್ದು. ಕಣ್ಣು ತೆರೆದಾಗ ಟೆಸ್ಟ್ ಮಾಡುವ ಬ್ರೇಕ್ ಇನ್ಸ್‌ಪೆಕ್ಟರು ಕಿಟಕಿಯ ಹತ್ತಿರ ಬಗ್ಗಿ, ನಿದ್ದೆ ಮಾಡುತ್ತಿದ್ದೀರಾ ಎಂದು ಮಲಯಾಳದಲ್ಲಿ ಕೇಳುತ್ತಿದ್ದರು. ವಿಸಿಲ್ ಊದಿ ಆಗಿತ್ತಂತೆ. ಗಾಬರಿಯಲ್ಲಿ ಕ್ಲಚ್ ಬಿಟ್ಟೆ. ಕಾರು ಒಂದು ಹಾರು ಹಾರಿ ಮೊದಲ ಕಂಬಿಯನ್ನೇ ಬೀಳಿಸಿತು.

ಮನೆಗೆ ಬಂದಾಗ ಅತ್ತೆ ಹೆಸರುಬೇಳೆ ಪಾಯಸ ಮಾಡಿಟ್ಟಿದ್ದರು. "ಬೇಸರ ಮಾಡಬೇಡ. ಇದೆಲ್ಲ ಆಗುವುದೇ" ಎಂದು ಎರಡು ಸಲ ಬಡಿಸಿದರು. ಇಂಥ ಅತ್ತೆ ಯಾರಿಗೆ ಸಿಗುತ್ತಾರೆ ಎಂದು ನಾನು ಫೋನಿನಲ್ಲಿ ಯಜಮಾನರ ಹತ್ತಿರ ಹೇಳಿದೆ.

ಎರಡನೆಯ ಸಲ ನೆರೆಮನೆಯ ಉಮ್ಮ ಮುಂದೆ ಬಂದರು. ಅವರು ಬ್ಯಾರಿ ಮುಸ್ಲಿಮರು, ಅತ್ತೆಯ ಪ್ರಾಯದವರು. ಅತ್ತೆಗೂ ಅವರಿಗೂ ಬೇಲಿಯ ಎರಡು ಬದಿ ನಿಂತು ಮಾತಾಡುವ ನಲವತ್ತು ವರ್ಷದ ಸ್ನೇಹ. ಉಮ್ಮ ಬೆಳಗ್ಗೆಯೇ ಬಂದು, ತುಟಿಯಲ್ಲೇ ಏನೋ ಓದಿ, ನನ್ನ ತಲೆಯ ಮೇಲೆ ಮೂರು ಸಲ ಊದಿದರು. ಆಮೇಲೆ ಸೆರಗಿನ ಒಳಗಿನಿಂದ ಒಂದು ಬಾಟಲಿ ತೆಗೆದರು. ಒಂದು ಲೀಟರಿನದ್ದು.

"ಮಸೀದಿಯ ಉಸ್ತಾದರು ಓದಿ ಊದಿ ಕೊಟ್ಟ ನೀರು ಟೀಚರೇ. ಕುಳಿತು ಕುಡಿಯಬೇಕು. ಮೂರು ಗುಟುಕಿಗೆ."

"ಇಷ್ಟು ನೀರನ್ನು ಮೂರು ಗುಟುಕಿಗಾ ಉಮ್ಮ?"

"ಗುಟುಕು ದೊಡ್ಡದು ಮಾಡಿ. ಬಾಕಿ ಇಡಬಾರದು, ಅದು ಪುಣ್ಯದ ನೀರು."

ಕುಡಿದೆ. ಮೈದಾನದಲ್ಲಿ ನನ್ನ ಮುಂದೆ ಮೂವತ್ತು ಜನ ಇದ್ದರು. ಬಿಸಿಲಿನಲ್ಲಿ ಎರಡೂವರೆ ಗಂಟೆ ನಿಂತೆ. ಆ ಬಯಲಿನಲ್ಲಿ ಹೆಂಗಸರು ಮರೆಗೆ ಹೋಗುವ ವ್ಯವಸ್ಥೆ ಇರಲಿಲ್ಲ. ನನ್ನ ಹೆಸರು ಕರೆಯುವ ಹೊತ್ತಿಗೆ ನನ್ನ ಮನಸ್ಸಿನಲ್ಲಿ ಎಚ್ ಇರಲಿಲ್ಲ, ಲೈಸನ್ಸ್ ಇರಲಿಲ್ಲ, ಒಂದೇ ಒಂದು ವಿಷಯ ಇತ್ತು. ಯಾರೂ ಓಡಿಸದ ವೇಗದಲ್ಲಿ ರಿವರ್ಸ್ ಬಂದೆ. ಎರಡು ಕಂಬಿ ಹೋದವು. ಇನ್ಸ್‌ಪೆಕ್ಟರು ಏನೋ ಹೇಳುತ್ತಿದ್ದರು, ನಾನು ಕೇಳಲು ನಿಲ್ಲಲಿಲ್ಲ.

ಆ ದಿನವೂ ಮನೆಯಲ್ಲಿ ಪಾಯಸ. ಮರುದಿನ ಅತ್ತೆ ಮಿಂದು ದೇವಸ್ಥಾನಕ್ಕೆ ಹೋಗಿ ಪ್ರಸಾದ ತಂದರು. ನನ್ನ ಸಲುವಾಗಿ ದೇವರ ಹತ್ತಿರ ಜಗಳ ಮಾಡಲು ಹೋಗಿರಬೇಕೆಂದು ನಾನು ತಿಳಿದೆ.

ಮೂರನೆಯದು ಎಣ್ಣೆಯ ಕತೆ. ಕ್ರೈಸ್ತ ಟೀಚರಿಗೂ ಬಾಯಾರಿಗೇ ವರ್ಗ ಆಗಿತ್ತು, ಆದ್ದರಿಂದ ನನ್ನ ಲೈಸನ್ಸಿನಲ್ಲಿ ಅವರಿಗೂ ಆಸಕ್ತಿ. ಟೆಸ್ಟಿನ ದಿನ ಅವರು ಸ್ಕೂಟರಿನಲ್ಲಿ ಮೈದಾನಕ್ಕೇ ಬಂದು, ಇಗರ್ಜಿಯಲ್ಲಿ ಪಾದ್ರಿಗಳು ಆಶೀರ್ವದಿಸಿದ ಎಣ್ಣೆಯ ಸಣ್ಣ ಶೀಶೆ ತೆಗೆದು ನನ್ನ ಹಣೆಗೆ ಶಿಲುಬೆಯ ಗುರುತು ಮಾಡಿದರು. ಅಲ್ಲಿಗೆ ನಿಲ್ಲಿಸಿದ್ದರೆ ನಾನು ಪಾಸಾಗುತ್ತಿದ್ದೆನೇನೋ. ಎರಡೂ ಅಂಗೈಗೆ ಹಚ್ಚಿದರು.

"ಹಣೆಗೆ ಹಾಕಿದ್ದು ಸಾಲದಾ ಟೀಚರ್?"

"ಗಾಡಿ ಬಿಡುವುದು ಹಣೆಯಲ್ಲಿ ಅಲ್ಲವಲ್ಲ" ಎಂದರು ಅವರು.

ಅದೂ ಸರಿಯೇ ಅನ್ನಿಸಿತು. ಒರೆಸಿಕೊಂಡರೆ ದೋಷವೋ ಏನೋ ಎಂದು ಹಾಗೆಯೇ ಹತ್ತಿದೆ. ಮುಂದೆ ಚೆನ್ನಾಗಿ ಹೋದೆ, ಹಿಂದೆಯೂ ಚೆನ್ನಾಗಿ ಬಂದೆ. ಕೊನೆಯ ತಿರುವಿನಲ್ಲಿ ಸ್ಟೇರಿಂಗ್ ನನ್ನ ಕೈಯೊಳಗೆ ಜಾರಿತು. ಬದಿಯಲ್ಲಿ ನಿಂತು ನೋಡುತ್ತಿದ್ದ ಡ್ರೈವಿಂಗ್ ಮಾಷ್ಟ್ರು ತಲೆಗೆ ಕೈಹೊತ್ತು ಕುಳಿತುಬಿಟ್ಟರು. ತುಳು ಮಾತಾಡುವ ಸಾಧು ಮನುಷ್ಯ, ಅಷ್ಟು ತಿಂಗಳಲ್ಲಿ ನನ್ನ ಮೇಲೆ ಒಮ್ಮೆಯೂ ರೇಗಿದವರಲ್ಲ. ಆ ದಿನ ಮಾತ್ರ ಹೇಳಿದರು: "ಟೀಚರೇ, ದೇವರಿಗೆ ಕ್ಲಚ್ ತುಳಿಯಲಿಕ್ಕೆ ಬರುವುದಿಲ್ಲ. ಅದು ನೀವೇ ತುಳಿಯಬೇಕು. ಇನ್ನು ಯಾರ ಹತ್ತಿರವೂ ಎಂತದ್ದೂ ಹಚ್ಚಿಸಿಕೊಳ್ಳಬೇಡಿ, ಕುಡಿಯಬೇಡಿ."

ಮನೆಯಲ್ಲಿ ಪಾಯಸ ಇತ್ತೆಂದು ಬೇರೆ ಹೇಳಬೇಕಾಗಿಲ್ಲ.

ಇನ್ನು ಒಂದೇ ಅವಕಾಶ ಉಳಿದಿತ್ತು, ಮೇ ಕೊನೆಯಲ್ಲಿ. ಮಾಷ್ಟ್ರ ಮಾತು ಸರಿ ಎಂದು ಬುದ್ಧಿಗೆ ಗೊತ್ತು. ಆದರೆ ಮೂರು ಸಲ ಫೇಲಾದವರು ಬುದ್ಧಿಯನ್ನು ನಂಬಿ ಎಷ್ಟು ದಿನ ಇರುತ್ತಾರೆ? ಬೇರೆಯವರ ಆಶೀರ್ವಾದವನ್ನೆಲ್ಲ ನೋಡಿ ಆಯಿತು, ನನ್ನದೇ ಒಂದು ಹರಕೆ ಇರಲಿ ಎಂದು ಒಂದು ಸಂಜೆ ಅತ್ತೆಗೆ ಹೇಳದೆ ದೇವಸ್ಥಾನಕ್ಕೆ ಹೋದೆ. ಲೈಸನ್ಸ್ ಸಿಕ್ಕಿದರೆ ಒಂದು ಹೂವಿನ ಪೂಜೆ ಮಾಡಿಸುತ್ತೇನೆ, ಪ್ರಾರ್ಥನೆ ಮಾಡಿ ಎಂದು ಭಟ್ಟರ ಹತ್ತಿರ ಕೇಳಿಕೊಂಡೆ.

ಭಟ್ಟರು ನನ್ನ ಮುಖ ನೋಡಿದರು. "ಅದು ಇನ್ನು ಎಂತಕ್ಕೆ? ಆ ಹರಕೆಯನ್ನು ನಿಮ್ಮ ಅತ್ತೆ ಆಗಲೇ ತೀರಿಸಿದ್ದಾರಲ್ಲ."

"ಯಾವ ಹರಕೆ?"

"ನಿಮ್ಮ ಡ್ರೈವಿಂಗಿನದ್ದೇ. ಮೂರು ಸಲ ಹೂವಿನ ಪೂಜೆ ಆಯಿತು. ಪ್ರತಿ ಸಲವೂ ಟೆಸ್ಟಿನ ಮರುದಿನವೇ ಬಂದು, ದೇವರು ನಡೆಸಿಕೊಟ್ಟ ಅಂತ ಸಂತೋಷದಲ್ಲಿ ಮಾಡಿಸಿ ಹೋದರು."

"ಮೂರು ಸಲವೂ?"

"ಹೌದು. ನನಗೂ ಅದೇ ಸಂಶಯ ಬಂತು. ಊರಿನ ಸುದ್ದಿ ಗರ್ಭಗುಡಿಯವರೆಗೆ ಮುಟ್ಟುವುದಿಲ್ಲವಲ್ಲ. ಮತ್ತೆ ಗ್ರಹಿಸಿದೆ, ಒಂದು ಬೈಕಿಂದು, ಒಂದು ಕಾರಿಂದು, ಮೂರನೆಯದು ಲಾರಿಯದ್ದು ಇರಬೇಕು ಅಂತ."

ನಾನು ಮೆಟ್ಟಿಲ ಮೇಲೆ ಕುಳಿತುಕೊಂಡೆ. ಹರಕೆ ಹೊರುವುದು ಕೆಲಸ ಆಗಲೆಂದು, ತೀರಿಸುವುದು ಕೆಲಸ ಆದ ಮೇಲೆ. ಇದು ನಮ್ಮ ಊರಿನ ಸಣ್ಣ ಮಕ್ಕಳಿಗೂ ಗೊತ್ತು. ನಾನು ಫೇಲಾದ ಮೂರು ಸಲವೂ ಅತ್ತೆಯ ಕೆಲಸ ಆಗಿತ್ತು. ಉಮ್ಮನ ನೀರನ್ನು, ಟೀಚರ ಎಣ್ಣೆಯನ್ನು ಸುಮ್ಮನೆ ಬೈದುಕೊಂಡಿದ್ದೆ. ಅವು ಪಾಪ ತಮ್ಮಿಂದಾದಷ್ಟು ಎಳೆದಿದ್ದವು. ಆಚೆ ಕಡೆಯಿಂದ ಹಿಡಿದೆಳೆಯುತ್ತಿದ್ದವರು ನಮ್ಮ ಅತ್ತೆಯೇ.

ನನಗೆ ಸಿಟ್ಟು ಬೇಗ ಬರುತ್ತದೆ, ಹೋಗಲು ತಡ ಮಾಡುತ್ತದೆ. ಮನೆಗೆ ಬಂದಾಗ ಅತ್ತೆ ಕೈಗೆ ಎಣ್ಣೆ ಹಚ್ಚಿಕೊಂಡು ಹಲಸಿನ ಸೊಳೆ ಬಿಡಿಸುತ್ತಿದ್ದರು. ನಾನು ಚಪ್ಪಲಿಯನ್ನೂ ಕಳಚದೆ ಅಡಿಗೆಮನೆಗೆ ನುಗ್ಗಿದೆ.

"ಅತ್ತೆ, ನಾನು ಫೇಲಾಗಲಿ ಅಂತ ಹರಕೆ ಹೊತ್ತದ್ದಾ?"

ಅತ್ತೆ ಇಲ್ಲವೆನ್ನಲಿಲ್ಲ. ಸೊಳೆಯಿಂದ ಬೀಜ ತೆಗೆದು ಪಾತ್ರೆಗೆ ಹಾಕಿದರು. "ಫೇಲಾಗಲಿ ಅಂತ ಹೇಳಲಿಲ್ಲ. ಹಾಗೆಲ್ಲ ದೇವರ ಹತ್ತಿರ ಹೇಳಲಿಕ್ಕುಂಟಾ? ಅವಳಿಗೆ ಎಲ್ಲ ಒಳ್ಳೆಯದು ಮಾಡು, ಲೈಸನ್ಸ್ ಒಂದು ಕೊಡಬೇಡ ಅಂತ ಹೇಳಿದ್ದು."

"ನನ್ನ ತಲೆಯ ಮೇಲೆ ಕೈಯಿಟ್ಟು ಹೇಳಿದ್ದೂ ಅದನ್ನೇಯಾ?"

"ಹೌದು."

ನನಗೆ ತುಂಬ ನೋವಾಯಿತು. ಮೋಸ ಹೋದವಳ ಹಾಗೆ ಅಲ್ಲೇ ನಿಂತು ಅತ್ತುಬಿಟ್ಟೆ. ಹದಿನೆಂಟು ವರ್ಷ ಒಂದೇ ಮನೆಯಲ್ಲಿ ಇದ್ದೇವೆ, ನಾನು ಬಾಯಾರಿಗೆ ಹೋಗಿ ಬರುವ ಕಷ್ಟ ನಿಮಗೆ ಗೊತ್ತಿಲ್ಲವಾ, ನಿಮ್ಮ ಸ್ವಂತ ಮಗಳಾಗಿದ್ದರೆ ಹೀಗೆ ಮಾಡುತ್ತಿದ್ದಿರಾ ಎಂದು ಬಾಯಿಗೆ ಬಂದದ್ದೆಲ್ಲ ಕೇಳಿದೆ. ಅತ್ತೆ ಕೊನೆಯವರೆಗೆ ಕೇಳಿಸಿಕೊಂಡರು.

ಆಮೇಲೆ ಹೇಳಿದರು. ಮಾವ ಅಪಘಾತದಲ್ಲಿ ತೀರಿಕೊಂಡದ್ದು ನನಗೆ ಗೊತ್ತಿತ್ತು. ನಾನು ಈ ಮನೆಗೆ ಬರುವ ಮೊದಲಿನ ಕತೆ ಅದು. ಆದರೆ ಅದು ಹೊಸ ಸ್ಕೂಟರು ಎಂದು ಗೊತ್ತಿರಲಿಲ್ಲ. ಮನೆಗೆ ತಂದ ದಿನ ಭಟ್ಟರು ಬಂದು ಪೂಜೆ ಮಾಡಿದ್ದರಂತೆ, ಚಕ್ರದ ಅಡಿಗೆ ಲಿಂಬೆಹುಳಿ ಇಟ್ಟಿದ್ದರಂತೆ, ಉಮ್ಮ ಬೇಲಿ ದಾಟಿ ಬಂದು ಊದಿದ್ದರಂತೆ. "ಆರತಿ ಎತ್ತಿದ್ದು ನಾನು" ಎಂದರು ಅತ್ತೆ. "ಹನ್ನೊಂದನೆಯ ದಿನ ಕುಂಬಳೆಗೆ ಹೊರಟವರು ತಿರುವಿನಲ್ಲಿ ಲಾರಿಗೆ ಸಿಕ್ಕಿದ್ದು. ಅಷ್ಟು ಜನ ಹರಸಿದ ಗಾಡಿ. ಮತ್ತೆ ನನಗೆ ಗಾಡಿಗೆ ಹರಸಲಿಕ್ಕೆ ಧೈರ್ಯ ಬರುವುದಿಲ್ಲ. ನೀನು ಗಾಡಿಯಲ್ಲಿ ಕುಳಿತುಕೊಳ್ಳದ ಹಾಗೆ ಮಾಡಲಿಕ್ಕೆ ಮಾತ್ರ ಗೊತ್ತು."

ನಾನು ಚಪ್ಪಲಿ ಕಳಚಿ ಹೊರಗಿಟ್ಟು ಬಂದೆ. ಆದರೂ ಸಿಟ್ಟು ಇಳಿಯಲಿಲ್ಲ, ಸತ್ಯ ಹೇಳಬೇಕಲ್ಲ. ಎರಡು ದಿನ ನಾವಿಬ್ಬರೂ ಬೇಕಾದಷ್ಟೇ ಮಾತಾಡಿದೆವು. ಮೂರನೆಯ ದಿನ ಊಟಕ್ಕೆ ಕುಳಿತಾಗ ನಾನೇ ಹೇಳಿದೆ: "ಇನ್ನು ನಿಮಗೆ ಹೆದರಿಕೆ ಬೇಡ. ನಾನು ಟೆಸ್ಟಿಗೆ ಹೋಗುವುದಿಲ್ಲ. ನಮ್ಮ ಟೀಚರ ಸ್ಕೂಟರಿನಲ್ಲಿ ಹಿಂದೆ ಕುಳಿತು ಬಾಯಾರಿಗೆ ಹೋಗುತ್ತೇನೆ. ಅವರು ಬನ್ನಿ ಅಂತ ಆಗಲೇ ಹೇಳಿದ್ದಾರೆ."

ಅದು ಉಪಾಯ ಹೂಡಿ ಹೇಳಿದ ಮಾತಲ್ಲ. ಟೀಚರು ನಿಜವಾಗಿಯೂ ಕರೆದಿದ್ದರು. ಆದರೆ ಅತ್ತೆಯ ಕೈ ಬಾಯಿಗೆ ಹೋಗುವ ದಾರಿಯಲ್ಲಿ ನಿಂತಿತು.

"ಸ್ಕೂಟರಾ?"

"ಮತ್ತೆಂತ? ಅವರ ಹತ್ತಿರ ಇರುವುದು ಅದೇ."

"ಮಳೆಯಲ್ಲಿ? ಆ ದಾರಿಯ ಇಳಿತದಲ್ಲಿ?"

"ಕೊಡೆ ಹಿಡಿದುಕೊಳ್ಳುತ್ತೇನೆ." ಇದನ್ನು ಮಾತ್ರ ಬೇಕೆಂದೇ ಹೇಳಿದೆ.

ಅತ್ತೆ ಅರ್ಧ ಊಟಕ್ಕೆ ಎದ್ದರು. ಕೈತೊಳೆದು ಅಂಗಳಕ್ಕೆ ಹೋಗಿ ಟಾರ್ಪಾಲಿನ ಒಂದು ಮೂಲೆ ಎತ್ತಿ ಕಾರನ್ನು ನೋಡಿದರು. ಸುತ್ತು ಬಂದರು. ಚಕ್ರ ಎಷ್ಟಿದೆ ಎಂದು ನೋಡುತ್ತಿದ್ದರೋ, ತಗಡು ಎಷ್ಟು ದಪ್ಪ ಎಂದು ನೋಡುತ್ತಿದ್ದರೋ. ಮರುದಿನ ಬೆಳಗ್ಗೆ ನಾನು ಏಳುವ ಮೊದಲೇ ದೇವಸ್ಥಾನಕ್ಕೆ ಹೋಗಿ ಬಂದಿದ್ದರು. ಕೊಟ್ಟ ಮಾತಿನಿಂದ ಹಿಂದೆ ಸರಿಯುವಾಗ ದೇವರಿಗೆ ತಪ್ಪು ಕಾಣಿಕೆ ಹಾಕುವುದು ನಮ್ಮ ಕ್ರಮ. "ಹಾಕಿ ಬಂದಿದ್ದೇನೆ. ನೀನು ಟೆಸ್ಟಿಗೆ ಹೋಗು" ಎಂದರು. ಭಟ್ಟರಿಗೆ ವಿಷಯ ಪೂರ್ತಿ ಬಿಡಿಸಿ ಹೇಳಿದ್ದರಂತೆ. ಭಟ್ಟರು ನಗು ತಡೆಯಲು ಗರ್ಭಗುಡಿಯ ಒಳಗೆ ಹೋದರಂತೆ.

ನಾಲ್ಕನೆಯ ಟೆಸ್ಟಿನ ದಿನ ಉಮ್ಮ ಬೇಲಿಯಾಚೆಯಿಂದಲೇ ಊದಿದರು, ನೀರು ತರಲಿಲ್ಲ. ಟೀಚರು ಫೋನಿನಲ್ಲಿ ಪ್ರಾರ್ಥಿಸಿದರು. ಅತ್ತೆಯ ಕಾಲು ಮುಟ್ಟಲು ಬಗ್ಗಿದವಳು ತಲೆಯೆತ್ತಿ, "ಈ ಸಲ ಎಂತ ಹೇಳುತ್ತೀರಿ?" ಎಂದು ಕೇಳಿದೆ.

"ಬಗ್ಗು ಮಾರಾಯ್ತಿ. ಟೆಸ್ಟು ನಿನ್ನದು, ನನ್ನದಲ್ಲ" ಎಂದರು.

ಪಾಸಾದೆ. ಎಚ್ ಹೇಗೆ ಹಾಕಿದೆನೆಂದು ಈಗಲೂ ನೆನಪಿಲ್ಲ. ಸಂಜೆಯೊಳಗೆ ಊರಿನಲ್ಲಿ ಅದರ ಯಜಮಾನಿಕೆಗೆ ಮೂರು ಜನ ಇದ್ದರು. ಎರಡನೆಯ ಟೆಸ್ಟಿನ ನೀರು ನಿಧಾನಕ್ಕೆ ಹಿಡಿಯುವಂಥದ್ದು ಎಂದು ಉಮ್ಮ. ಎಣ್ಣೆ ಒಳಗೆ ಇಳಿಯಲು ಒಂದು ತಿಂಗಳು ಬೇಕೆಂದು ಟೀಚರು. ಎಂತದ್ದೂ ಹಚ್ಚಿಸಿಕೊಳ್ಳದೆ ಹೋದದ್ದರಿಂದ ಪಾಸೆಂದು ಮಾಷ್ಟ್ರು. ನನ್ನ ಹೂವಿನ ಪೂಜೆ ತೀರಿಸಲು ಹೋದಾಗ ಭಟ್ಟರು, "ಇದು ಬಸ್ಸಿನದ್ದಾ?" ಎಂದು ಕೇಳಿದರು. ಅತ್ತೆ ಮಾತ್ರ ಯಾವ ಹಕ್ಕನ್ನೂ ಹೇಳಲಿಲ್ಲ. ಆ ದಿನ ಪಾಯಸವೂ ಆಗಲಿಲ್ಲ.

ಜೂನಿನಲ್ಲಿ ಶಾಲೆ ತೆರೆಯುವ ದಿನ ಬೆಳಗ್ಗೆ ಅಂಗಳದಲ್ಲಿ ಸಣ್ಣ ಸಂತೆ ನೆರೆಯಿತು. ಟಾರ್ಪಾಲು ತೆಗೆದು ಕಾರು ತೊಳೆದಿದ್ದೆ. ಟೀಚರು ತಮ್ಮ ಸ್ಕೂಟರನ್ನು ನಮ್ಮಲ್ಲೇ ಬಿಟ್ಟು ನನ್ನ ಜೊತೆ ಕಾರಿನಲ್ಲಿ ಬರುವವರಿದ್ದರು. ಅವರು ಇಗರ್ಜಿಯ ತೀರ್ಥವನ್ನು ನಾಲ್ಕು ಚಕ್ರಕ್ಕೂ ಚಿಮುಕಿಸಿ, ಮಿಕ್ಕಿದ್ದನ್ನು ವೈಪರಿನ ಮೇಲೆ ಸುರಿದರು. ಉಮ್ಮ ಬಾನೆಟ್ಟು ಎತ್ತಿಸಿ ಎಂಜಿನಿನ ಒಳಗೇ ಊದಿದರು, ಮೇಲಿಂದ ಊದಿದರೆ ಒಳಗೆ ತಲುಪುವುದಿಲ್ಲವೆಂದು. ನಾನು ಲಿಂಬೆಹುಳಿ ಇಟ್ಟು, ಹರಿವಾಣದಲ್ಲಿ ಆರತಿ ಹಚ್ಚಿದೆ. ಎತ್ತುವುದು ಯಾರು ಎಂದು ಎಲ್ಲರೂ ಬಾಗಿಲ ಕಡೆ ನೋಡಿದರು. ಗಂಡ ಇಲ್ಲದವರು ಆರತಿ ಎತ್ತಬಾರದೆಂಬ ಕಟ್ಟಳೆ ಊರಿನಲ್ಲಿದೆ. ಅದನ್ನು ಮುರಿಯಬೇಕೆಂದು ಹಿಂದಿನ ರಾತ್ರಿಯೇ ಅತ್ತೆಯ ಹತ್ತಿರ ಹೇಳಿದ್ದೆ. ಅವರು ದೀಪ ಆರಿಸಿ ಮಲಗಿದ್ದರು.

ಅತ್ತೆ ಹೊರಗೆ ಬಂದರು. ಮದುವೆಮನೆಗೆ ಉಡುವ ಸೀರೆ ಉಟ್ಟಿದ್ದರು. ಕೈಯಲ್ಲಿ ಕೊಡೆ, ಒಂದು ಚೀಲ, ನೀರಿನ ಬಾಟಲಿ. ಆರತಿಯ ಹತ್ತಿರ ಸುಳಿಯದೆ ನೇರ ಕಾರಿನ ಬಳಿಗೆ ಹೋಗಿ ಮುಂದಿನ ಸೀಟಿನಲ್ಲಿ ಕುಳಿತುಬಿಟ್ಟರು.

"ಎಲ್ಲಿಗೆ ಅತ್ತೆ?"

"ಬಾಯಾರಿಗೆ."

"ನನಗೆ ಸಂಜೆಯವರೆಗೆ ಶಾಲೆ ಉಂಟು. ನೀವು ಅಲ್ಲಿ ಎಂತ ಮಾಡುತ್ತೀರಿ?"

"ಕುಳಿತುಕೊಳ್ಳುತ್ತೇನೆ. ಶಾಲೆಯಲ್ಲಿ ಬೆಂಚು ಇರುತ್ತದಲ್ಲ." ಚೀಲವನ್ನು ಮಡಿಲಿಗೆ ಎಳೆದುಕೊಂಡು, ನನ್ನ ಮುಖ ನೋಡದೆ ಹೇಳಿದರು: "ಆರತಿ ಎತ್ತಲಿಕ್ಕೆ ನನ್ನಿಂದ ಆಗುವುದಿಲ್ಲ ಮಗೂ. ಎಂತ ಆಗುವುದಿದ್ದರೂ ಇಬ್ಬರಿಗೂ ಒಟ್ಟಿಗೇ ಆಗಲಿ."

ಹಿಂದಿನ ಸೀಟಿಗೆ ಹತ್ತುತ್ತಿದ್ದ ಟೀಚರು, ಮೂರನೆಯವರ ಗತಿಯೇನೆಂದು ಕೇಳಲು ಬಾಯಿ ತೆರೆದವರು ಮುಚ್ಚಿಕೊಂಡರು. ಉಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಹರಿವಾಣವನ್ನು ನೆಲದಿಂದ ತೆಗೆದು ನನ್ನ ಕೈಗೆ ಕೊಟ್ಟರು. ನನ್ನ ಕಾರಿಗೆ ನಾನೇ ಆರತಿ ಎತ್ತಿದೆ. ಅತ್ತೆಯ ಬೆಲ್ಟು ಕಟ್ಟುವಾಗ ನನ್ನ ಕಣ್ಣು ತುಂಬಿ ಕೊಂಡಿ ಎಲ್ಲಿದೆಯೆಂದು ಕಾಣಲಿಲ್ಲ. ಆ ಮಾತಿನಲ್ಲಿ ಎಷ್ಟು ಪ್ರೀತಿ ಇತ್ತೆಂದು ನನಗೆ ತಿಳಿಯಿತು. ಹಾಗೆಂದು ಹೇಳಲು ನಾಚಿಕೆಯಾಗಿ, "ಗಟ್ಟಿ ಕೂತುಕೊಳ್ಳಿ" ಎಂದಷ್ಟೇ ಹೇಳಿದೆ.

ಲಿಂಬೆಹುಳಿ ಅಪ್ಪಚ್ಚಿಯಾಯಿತು. ಗೇಟು ದಾಟಿ ಮಾರ್ಗಕ್ಕೆ ಇಳಿದೆವು. ಮೊದಲ ತಿರುವು ಬಂದಾಗ ಅತ್ತೆ ಕಣ್ಣು ಮುಚ್ಚಿ, ಗೇರಿನ ಮೇಲಿದ್ದ ನನ್ನ ಕೈಯನ್ನು ತಮ್ಮ ಎರಡೂ ಕೈಯಿಂದ ಹಿಡಿದುಕೊಂಡರು. ತಿರುವು ಕಳೆದರೂ ಬಿಡಲಿಲ್ಲ. ಹಿಂದಿನಿಂದ ಬಸ್ಸು ಹಾರ್ನ್ ಹಾಕಿತು, ಜೀಪು ಹಾರ್ನ್ ಹಾಕಿತು, ಟೀಚರು ಮೂರನೆಯ ಗೇರು ಹಾಕಿ ಎಂದರು. ಆ ಕೈಯನ್ನು ಬಿಡಿಸಿಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಬಾಯಾರಿನವರೆಗೆ ಎರಡನೆಯ ಗೇರಿನಲ್ಲೇ ಹೋದೆ.